ಸಂತ ತೆವೆನ್‌ನ ಐದನೇ ಚರಣ

ಟಕ್. ಟಕ್‌ಟಕ್. ಆಮೇಲೆ ಏನೂ ಇಲ್ಲ.

ಆರ್ಮೆಲ್ ದಿಂಬಿನಿಂದ ತಲೆ ಎತ್ತಿ ಕಿವಿಗೊಟ್ಟಳು. ಪಕ್ಕದಲ್ಲಿ ಗಂಡ ಲೊಯಿಕ್, ಇಡೀ ದಿನ ಹೊಲದಲ್ಲಿ ಆರ್ಟಿಚೋಕ್ ತರಕಾರಿ ಕೊಯ್ದ ದಣಿವಿನಲ್ಲಿ, ಟ್ರ್ಯಾಕ್ಟರ್‌ನಂತೆ ಗೊರಕೆ ಹೊಡೆಯುತ್ತಿದ್ದ. ಕೆಳಗಿನ ಅಡುಗೆಮನೆಯಿಂದ ಮತ್ತೆ ಅದೇ ಸದ್ದು. ಮರದ ಮೇಜಿಗೆ ಚಮಚ ತಾಗಿಸಿದ ಹಾಗೆ. ಜೊತೆಗೆ ಗುನುಗು.

ಅವಳು ಮೆಟ್ಟಿಲ ತನಕ ಬಂದು ನಿಂತಳು. ಕೆಳಗೆ ಅತ್ತೆ ಪೆರಿನ್, ಫ್ಲಾನೆಲ್ ಅಂಗಿಯಲ್ಲಿ, ಸೌಟಿನಿಂದ ತಾಳ ಹಾಕುತ್ತ ಸಂತ ತೆವೆನ್‌ನ ಹಾಡನ್ನು ಫ್ರೆಂಚ್ ನಾಡಿನ ಆ ಕಡಲಂಚಿನ ಹಳೆಯ ಬ್ರೆಟನ್ ಭಾಷೆಯಲ್ಲಿ ಹೇಳಿಕೊಳ್ಳುತ್ತಿದ್ದಳು. ಕಲ್ಲಿನ ತೊಟ್ಟಿಯನ್ನೇ ದೋಣಿ ಮಾಡಿಕೊಂಡು ಸಂತ ವೇಲ್ಸ್‌ನಿಂದ ಕಡಲು ದಾಟಿದ್ದು ಮೊದಲ ಚರಣ. ದಡಕ್ಕೆ ಬಂದದ್ದು ಎರಡನೆಯದು. ತೋಳವನ್ನು ನೇಗಿಲಿಗೆ ಹೂಡಿದ್ದು ಮೂರನೆಯದು. ಬುಗ್ಗೆ ಚಿಮ್ಮಿಸಿದ್ದು ನಾಲ್ಕನೆಯದು. ಅಲ್ಲಿಗೆ ಸೌಟು ಗಾಳಿಯಲ್ಲೇ ನಿಂತಿತು. ಮುದುಕಿ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ಮೊದಲಿನಿಂದ ಶುರುಮಾಡಿದಳು. ಮತ್ತೆ ಬುಗ್ಗೆಯ ಹತ್ತಿರವೇ ನಿಂತಳು.

ಮೆಟ್ಟಿಲು ಕಿರುಗುಟ್ಟಿತು.

"ಯಾರದು?" ಪೆರಿನ್ ಫ್ರೆಂಚಿನಲ್ಲಿ ಕೇಳಿದಳು.

"ನಾನು ಅತ್ತೆ. ಏನೋ ಸದ್ದಾಯ್ತು."

"ಇಲಿ. ಹೋಗಿ ಮಲ್ಕೋ."

ಆರ್ಮೆಲ್ ಹೋಗಿ ಮಲಗಿದಳು. ನಿದ್ದೆ ಬರಲಿಲ್ಲ. ಆ ಹಾಡು ಎಲ್ಲೂ ಅಚ್ಚಾಗಿರಲಿಲ್ಲ. ಪ್ಲೂತೆವೆನ್ ಊರಿನ ಜನ ಜುಲೈ ತಿಂಗಳ ಸಂತನ ಹಬ್ಬದ ಮೆರವಣಿಗೆಯಲ್ಲಿ ಪಲ್ಲವಿಯನ್ನಷ್ಟೇ ಹಾಡುತ್ತಿದ್ದರು. ಇಪ್ಪತ್ತಕ್ಕೂ ಹೆಚ್ಚು ಚರಣಗಳು ಈ ಮನೆಯ ಹೆಂಗಸಿನ ಬಾಯಲ್ಲಿ ಇರಬೇಕಾದದ್ದು ರೂಢಿ. ಪೆರಿನ್‌ಗೆ ಅದು ಅವಳ ಅತ್ತೆಯಿಂದ ಬಂದಿತ್ತು. ಈಗ ನಾಲ್ಕಕ್ಕೆ ನಿಂತುಹೋಗಿದೆ. ಹಬ್ಬಕ್ಕೆ ಉಳಿದಿರುವುದು ಆರೇ ವಾರ.

ಇನ್ನೊಂದು ಕಷ್ಟವೂ ಇತ್ತು. ಪೆರಿನ್ ಈಗ ಈ ಮನೆಯ ಊಟದ ಮೇಜಿಗೆ ಬರುತ್ತಿರಲಿಲ್ಲ.

ಅದು ಎರಡು ಭಾನುವಾರದ ಹಿಂದಿನ ಮಾತು. ಆರ್ಮೆಲ್‌ಳ ಮಗಳು ಎನೋರಾ ರೆನ್ ನಗರದ ಕಾಲೇಜಿನಿಂದ ರಜೆಗೆ ಬಂದಿದ್ದಳು. ಮುಂಗೈ ಮೇಲೆ ಹೊಸದಾಗಿ ಹಾಕಿಸಿಕೊಂಡ ಹೆಣಿಗೆ ಹಚ್ಚೆ. ಅಜ್ಜಿ ಅದನ್ನು ನೋಡಿ ಕೇಳಿದಳು.

"ಇದೇನೇ, ಹಗ್ಗ ಸುತ್ತಿಕೊಂಡಿದೀಯ?"

"ಕೆಲ್ಟಿಕ್ ಗಂಟು ಅಜ್ಜಿ. ಆದಿ ಅಂತ್ಯ ಇಲ್ಲದ್ದು. ನಾವು, ವೇಲ್ಸ್‌ನವರು, ಎಲ್ಲ ಒಂದೇ ಹಳೇ ಕುಲ, ಕೆಲ್ಟರು ಅಲ್ವಾ?"

"ನೀನು ಇರಬಹುದು. ನಾನು ಪ್ಲೂತೆವೆನ್‌ನವಳು."

"ಎರಡೂ ಒಂದೇ ಅಜ್ಜಿ."

"ಹೇಗೆ ಒಂದೇ? ಕೆಲ್ಟ್ ಅನ್ನೋದನ್ನ ನಾನು ನೋಡಿರೋದು ಬಂದರಿನ ಅಂಗಡೀಲಿ, ಟೀ ಶರ್ಟಿನ ಮೇಲೆ. ನಮ್ಮಪ್ಪನಿಗೆ ಯಾರಾದ್ರೂ ಕೆಲ್ಟ್ ಅಂದಿದ್ರೆ ಕೈಗೆ ಸಿಕ್ಕಿದ್ದು ತಗೊಂಡು ಹೊಡೀತಿದ್ದ."

ಲೊಯಿಕ್ ನಕ್ಕ. ಎನೋರಾಳ ಮುಖ ಕೆಂಪಾಯಿತು. ಈ ವರ್ಷ ಪ್ಲೂತೆವೆನ್ ಜೊತೆ ಸ್ನೇಹದ ಒಪ್ಪಂದವಿದ್ದ ವೇಲ್ಸ್‌ನ ಜೊತೆಯೂರಿನವರು, ಅಂದರೆ ಸಂತ ಹುಟ್ಟಿದ ಊರಿನವರು, ಹಬ್ಬಕ್ಕೆ ಬರುವಂತೆ ಮಾಡಿದವಳು ಅವಳು. ಅವರ ಮುಂದೆ ಅಜ್ಜಿಯ ಜೊತೆ ನಿಂತು ಇಡೀ ಹಾಡು ಹಾಡಬೇಕೆಂಬುದು ಅವಳ ಆಸೆ. ಆದರೆ ಆಸೆ ಹೇಳುವ ಬದಲು ಬಾಯಿಂದ ಬೇರೆ ಮಾತು ಬಂತು.

"ನಗು ಅಪ್ಪಾ, ನಗು. ನಿನಗೊಂದು ಪದ ಬ್ರೆಟನ್ ಬರಲ್ಲ. ಯಾಕೆ ಅಂತ ನಿಮ್ಮಮ್ಮನ್ನ ಕೇಳು. ನಾಯಿ ಹತ್ರ ಮಾತಾಡ್ತಾಳೆ, ಕೋಳಿ ಹತ್ರ ಮಾತಾಡ್ತಾಳೆ, ಹೆತ್ತ ಮಗನ ಹತ್ರ ಆಡ್ಲಿಲ್ಲ. ಈ ಮನೇಲಿ ಭಾಷೆ ಕೊಂದಿದ್ದು ಯಾರು ಅಂತ ಕೇಳು!"

ಪೆರಿನ್ ಚಿಕ್ಕವಳಿದ್ದಾಗ ಶಾಲೆಯಲ್ಲಿ ಬ್ರೆಟನ್ ಆಡಿದ್ದಕ್ಕೆ ಕುತ್ತಿಗೆಗೆ ಮರದ ಚಪ್ಪಲಿ ಕಟ್ಟಿಸಿಕೊಂಡು ನಿಂತವಳು. ಅದನ್ನು ಅವಳು ಹೇಳಲಿಲ್ಲ. ತನ್ನ ಸೂಪಿನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಕೊಲೆ ಮಾಡಿದವಳು ಮನೆಮಂದಿ ಜೊತೆ ಕೂತು ಉಣ್ಣಬಾರದು" ಎಂದು ಅಂಗಳ ದಾಟಿ ಬಟ್ಟೆ ಒಗೆಯುವ ಕೊಟ್ಟಿಗೆಗೆ ಹೋದಳು. ನಾಯಿ ಮೆದೋರ್ ಹಿಂದೆಯೇ ಹೋಯಿತು.

ಅಂದಿನಿಂದ ಅಲ್ಲೇ ಅವಳ ಊಟ, ವಾಷಿಂಗ್ ಮೆಷೀನಿನ ಪಕ್ಕದಲ್ಲಿ. ಮಧ್ಯಾಹ್ನ, ಸಂಜೆ, ಆರ್ಮೆಲ್ ತಟ್ಟೆ ಹಿಡಿದು ಅಂಗಳ ದಾಟಬೇಕು. ಮಳೆ ಬಂದರೆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ.

"ನೀವಾದ್ರೂ ಒಂದು ಮಾತು ಹೇಳ್ರಿ" ಎಂದು ಗಂಡನಿಗೆ ಹೇಳಿದಳು.

"ಏನು ಹೇಳ್ಲಿ? ಅವರಿಬ್ಬರದ್ದು ಬ್ರೆಟನ್ ಜಗಳ. ನಂಗೆ ಬ್ರೆಟನ್ ಬರಲ್ಲ."

"ಜಗಳ ಆಡಿದ್ದು ಫ್ರೆಂಚಿನಲ್ಲೇ ಅಲ್ವಾ?"

"ಅದಕ್ಕೇ ಅಷ್ಟು ಜೋರಾಗಿ ಅರ್ಥ ಆಯ್ತು" ಎಂದು ಅವನು ಬೂಟು ಹಾಕಿಕೊಂಡು ಹೊಲಕ್ಕೆ ಹೋದ.

ಆರ್ಮೆಲ್‌ಗೂ ಬ್ರೆಟನ್ ಬರುವುದಿಲ್ಲ ಎಂದು ಮನೆಯವರೆಲ್ಲ ತಿಳಿದಿದ್ದರು. ಅವಳು ಬಂದರಿನ ಊರಿನವಳು, ಅಲ್ಲಿಯವರು ಆಡುವುದು ಫ್ರೆಂಚ್. ಆದರೆ ಅವಳನ್ನು ಸಾಕಿದ್ದು ಸಾರ್ಡೀನ್ ಕಾರ್ಖಾನೆಯಲ್ಲಿ ಮೀನು ಡಬ್ಬಿಗೆ ತುಂಬುತ್ತಿದ್ದ ಅವಳ ಅಜ್ಜಿ. ಆ ಅಜ್ಜಿಗೆ ಬ್ರೆಟನ್ ಬಿಟ್ಟು ಬೇರೆ ಏನೂ ಸರಿಯಾಗಿ ಬರುತ್ತಿರಲಿಲ್ಲ. ಮದುವೆಯಾಗಿ ಈ ಮನೆಗೆ ಕಾಲಿಟ್ಟ ದಿನ ಪೆರಿನ್ ಆಗಿನ ನಾಯಿಯ ಕಡೆ ತಿರುಗಿ, ಬ್ರೆಟನ್‌ನಲ್ಲಿ, "ಮೂಳೆ ಜಾಸ್ತಿ, ಮಾಂಸ ಕಡಿಮೆ. ಈ ಚಳಿಗಾಲ ದಾಟಲ್ಲ ಇದು" ಎಂದಿದ್ದಳು. ಹೊಸ ಸೊಸೆ ಏನೆಂದು ಉತ್ತರ ಕೊಡುವುದು? ಸುಮ್ಮನಿದ್ದಳು. ಮರುದಿನ ಸೂಪಿನ ಬಗ್ಗೆ ಕೋಳಿಗಳಿಗೆ ದೂರು ಹೋಯಿತು. ಆಗಲೂ ಸುಮ್ಮನಿದ್ದಳು. ಒಂದು ವರ್ಷ ಕಳೆದ ಮೇಲೆ "ನನಗೆ ಎಲ್ಲ ಅರ್ಥ ಆಗುತ್ತೆ" ಎನ್ನುವುದು ನಾಚಿಕೆಯ ಮಾತಾಯಿತು. ಹತ್ತು ವರ್ಷಕ್ಕೆ ಅಪಾಯದ ಮಾತಾಯಿತು. ಈಗ ಮನೆಯಲ್ಲಿ ಮೂರನೇ ನಾಯಿಯ ಕಾಲ ನಡೆಯುತ್ತಿತ್ತು.

ಹಾಗಾಗಿ ಹಾಡು ನಾಲ್ಕನೇ ಚರಣಕ್ಕೆ ನಿಂತಿದೆ ಎಂಬುದು ಗೊತ್ತಿದ್ದದ್ದು ಅವಳೊಬ್ಬಳಿಗೆ. ಅಜ್ಜಿ ಮೊಮ್ಮಗಳು ಮಾತು ಬಿಟ್ಟೇ ಇದ್ದರೆ ಆ ನಾಲ್ಕೂ ಹೋಗುತ್ತವೆ. ಯೋಚಿಸಿ ಯೋಚಿಸಿ, ಒಂದು ಮಧ್ಯಾಹ್ನ ತಟ್ಟೆ ಇಡುತ್ತ ಅವಳು ಒಂದು ಸುಳ್ಳು ಹೇಳಿದಳು.

"ಪಕ್ಕದ ಮನೆ ಜೋಸೆಟ್ ಸಿಕ್ಕಿದ್ರು ಅತ್ತೆ. ನಿಮಗೆ ಮೈ ಸರಿ ಇಲ್ದಿದ್ರೆ ಈ ವರ್ಷ ಹಾಡಿಗೆ ತಾನು ಮುಂದೆ ನಿಲ್ತೀನಿ ಅಂತಿದ್ರು."

ಪೆರಿನ್ ಚಾಕು ಕೆಳಗಿಟ್ಟಳು. "ಜೋಸೆಟ್? ಅವಳು ಬಾಯಿ ತೆಗೆದ್ರೆ ಸಂತ ಅದೇ ತೊಟ್ಟಿ ಹತ್ಕೊಂಡು ವಾಪಸ್ ಹೋಗ್ತಾನೆ. ಎಲ್ಲಿ ಅವಳು, ಆ ಹಗ್ಗ ಸುತ್ತಿಕೊಂಡವಳು? ಕರಿ."

ಮರುದಿನದಿಂದ ಪಾಠ ಶುರುವಾಯಿತು. ಪಾಠ ಅಡುಗೆಮನೆಯಲ್ಲಿ, ಬಟಾಣಿ ಸುಲಿಯುತ್ತ. ಊಟ ಮಾತ್ರ ಕೊಟ್ಟಿಗೆಯಲ್ಲೇ. ಎನೋರಾ ಶಾಲೆಯಲ್ಲಿ ಕಲಿತ ಬ್ರೆಟನ್‌ನಲ್ಲಿ ಏನೋ ಕೇಳಿದಳು.

"ಫ್ರೆಂಚಿನಲ್ಲಿ ಹೇಳು" ಎಂದಳು ಪೆರಿನ್. "ನಿನ್ನ ಬ್ರೆಟನ್ ರೇಡಿಯೋದಲ್ಲಿ ಹವಾಮಾನ ಓದಿದ ಹಾಗಿದೆ. ಬರೀ ಗಾಳಿ."

ಆದರೂ ಹುಡುಗಿ ಚುರುಕು. ತೊಟ್ಟಿ, ದಡ, ತೋಳ, ಬುಗ್ಗೆ, ನಾಲ್ಕೂ ಮೂರು ದಿನದಲ್ಲಿ ಬಾಯಿಗೆ ಬಂದವು. ನಾಲ್ಕನೇ ದಿನ ಆರ್ಮೆಲ್ ಒಲೆಯ ಮುಂದೆ ನಿಂತು ಕಪ್ಪುಗೋಧಿ ದೋಸೆ ಹುಯ್ಯುತ್ತಿದ್ದಳು. ಬೆನ್ನ ಹಿಂದೆ ಬುಗ್ಗೆಯ ಚರಣ ಮುಗಿಯಿತು. ಈಗ ಒಪ್ಪಿಕೊಳ್ಳುತ್ತಾಳೆ, ಪಾಪ, ಎಂದುಕೊಂಡಳು. ಅಷ್ಟರಲ್ಲಿ ಪೆರಿನ್ ಗಂಟಲು ಸರಿಮಾಡಿಕೊಂಡು ಅದೇ ಧಾಟಿಯಲ್ಲಿ, ಅದೇ ಭಕ್ತಿಯಲ್ಲಿ ಐದನೇ ಚರಣ ಹೇಳಿದಳು:

ಮಂಗಳವಾರ ಹೋದ ಕಬ್ಬಿಣದ ಕಡಾಯಿ
ಇನ್ನೂ ಬರಲಿಲ್ಲ ಮನೆಗೆ, ತಂದೆ,
ಇಟ್ಟುಕೊಂಡವಳ ಎದೆಯ ಕರಗಿಸೋ ತೆವೆನ್.

ದೋಸೆ ಕರಟಿತು. ಕಡಾಯಿ ಯಾವುದೆಂದು ಆರ್ಮೆಲ್‌ಗೆ ಗೊತ್ತಿತ್ತು. ಹೋದ ಚಳಿಗಾಲ ಜೋಸೆಟ್ ಒಯ್ದದ್ದು. ನಾಯಿಗೆ ಆ ವಿಷಯ ದಿನಾ ಹೇಳಲಾಗುತ್ತಿತ್ತು.

"ಕಡಾಯಿ!" ಎನೋರಾ ಬಟಾಣಿ ಚೆಲ್ಲಿದಳು. "ಅಮ್ಮಾ, ಕೇಳಿಸ್ಕೊಂಡ್ಯಾ? ಓ, ನಿನಗೆ ಗೊತ್ತಾಗಲ್ಲ. ಕಡಾಯಿ ಅಂತಿದೆ ಇದರಲ್ಲಿ! ಸತ್ತವರನ್ನ ಬದುಕಿಸೋ ಕಡಾಯಿ. ಕೆಲ್ಟರ ಪುರಾಣದಲ್ಲಿ ಬರುತ್ತೆ. ಕ್ರಿಸ್ತನಿಗಿಂತ ಹಿಂದಿನದು, ಸಂತನ ಹಾಡೊಳಗೆ ಬಂದು ಕೂತಿದೆ! ಅಜ್ಜಿ, ಇದು ಎಷ್ಟು ಹಳೇದಿರಬಹುದು?"

ಪೆರಿನ್ ಮೊಮ್ಮಗಳ ಮುಖವನ್ನು ಭಯದಿಂದ ನೋಡಿದಳು. ಆಮೇಲೆ ಯೋಚಿಸಿ, "ನನ್ನ ಮದುವೆಗಿಂತ ಹಳೇದು" ಎಂದಳು. ಕಡಾಯಿಯ ಮಟ್ಟಿಗೆ ಅದು ನಿಜ.

ಮಾರನೆಯ ದಿನ ಬೇಲಿ ಮುರಿದು ಮೇಯರ್ ತೋಟಕ್ಕೆ ನುಗ್ಗಿದ್ದ, ಕಿವಿ ಹರಿದ ಹೆಣ್ಣು ಹಂದಿ ಹಾಡಿಗೆ ಬಂತು.

"ಕಿವಿ ಕೆಂಪಾಗಿತ್ತಾ ಅಜ್ಜಿ? ಕೆಂಪು ಕಿವಿಯ ಪ್ರಾಣಿ ಅಂದ್ರೆ ಪರಲೋಕದಿಂದ ಬಂದದ್ದು ಅಂತ."

"ಹರಿದ ಮೇಲೆ ಕೆಂಪಾಗೇ ಇರುತ್ತೆ."

ಸಂಜೆಯೊಳಗೆ ಕೆಂಪು ಕಿವಿ ಚರಣದೊಳಗೆ ಸೇರಿತು. ಪೆರಿನ್‌ಳ ಎಡ ಮಂಡಿಯ ನೋವು ಹಾಡಿಗೆ ಬಂದಾಗ ಎನೋರಾ ಪುರಾಣದ ಗಾಯಗೊಂಡ ರಾಜನನ್ನು ಕಂಡಳು. ಬೆಣ್ಣೆಗೆ ಉಪ್ಪು ಸಾಲದ ಚರಣದಲ್ಲಿ ಕಡಲ ಕನ್ಯೆಯನ್ನು ಕಂಡಳು. ಮುದುಕಿಯ ಹೆದರಿಕೆ ಹೋಯಿತು. ಕಣ್ಣಲ್ಲಿ ಹೊಳಪು ಬಂತು. ಬೆಳಿಗ್ಗೆ ಕಾಫಿಗೆ ಮೇಜಿಗೆ ಬಂದಳು. ಮುಂದಿನ ವಾರ ಸೂಪಿಗೂ ಬಂದಳು. ಒಂದು ದಿನ ಎನೋರಾ ತಾನಾಗಿಯೇ ಅಜ್ಜಿಯ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ತಲೆ ತಗ್ಗಿಸಿ, "ಆವತ್ತು ಹಾಗೆ ಅಂದಿದ್ದು ತಪ್ಪಾಯ್ತು" ಎಂದಳು.

"ಇನ್ನೂ ದಪ್ಪಗೆ ಹಚ್ಚು" ಎಂದಳು ಪೆರಿನ್.

ಆರ್ಮೆಲ್‌ಗೆ ಸಂತೋಷವಾಗಬೇಕಿತ್ತು. ಆದರೆ ಮಗಳು ಇದನ್ನು ಊರೆಲ್ಲ ಸೇರಿದಲ್ಲಿ ಹಾಡುತ್ತಾಳೆ. ಭಾಷೆ ಬಲ್ಲವರು ಒಬ್ಬರು ನಕ್ಕರೂ ಸಾಕು, ಮುಂದೆ ಅವಳು ಬ್ರೆಟನ್‌ನಲ್ಲಿ ಬಾಯಿ ತೆರೆಯುವುದಿಲ್ಲ. ಅಜ್ಜಿಯ ಮುಖವನ್ನೂ ನೋಡುವುದಿಲ್ಲ. ತಡೆಯಬೇಕಾದರೆ ತನಗೆ ಭಾಷೆ ಬರುತ್ತದೆಂದು ಹೇಳಬೇಕು. ಮೂರು ನಾಯಿಗಳ ಕಾಲದಿಂದ ಕೇಳಿಸಿಕೊಂಡದ್ದೆಲ್ಲ ಆಗ ಮೇಜಿನ ಮೇಲೆ ಬಂದು ಬೀಳುತ್ತದೆ.

"ಹಾಡನ್ನ ಬೇರೆ ತಿಳಿದವರಿಗೆ ಒಂದು ಸಲ ಕೇಳಿಸ್ಬಾರದಾ?" ಎಂದು ಎನೋರಾಗೆ ಮೆಲ್ಲಗೆ ಹೇಳಿ ನೋಡಿದಳು.

"ಅಮ್ಮಾ, ನೀನು ಬಂದರಿನವಳು. ನಮ್ಮ ಒಳಮನೆ ವಿಷಯ ಇದು" ಎಂದಳು ಮಗಳು, ಪ್ರೀತಿಯಿಂದಲೇ.

ಹಬ್ಬಕ್ಕೆ ಎರಡು ದಿನ ಮೊದಲು ವೇಲ್ಸ್‌ನವರ ಬಸ್ಸು ಬಂತು. ಅತಿಥಿಯಾಗಿ ಈ ಮನೆಗೆ ಹಂಚಿಕೆಯಾದವರು ಮಿಸೆಸ್ ಡಿಲಿಸ್ ಪ್ರಾಬರ್ಟ್, ನಿವೃತ್ತ ಶಿಕ್ಷಕಿ, ನೀಟಾದ ಬೂದು ಕೂದಲು. ಎನೋರಾ ಬಾಗಿಲಲ್ಲೇ ಬ್ರೆಟನ್‌ನಲ್ಲಿ ಸ್ವಾಗತ ಹೇಳಿದಳು. ಆಕೆ ವೆಲ್ಶ್‌ನಲ್ಲಿ ಉತ್ತರ ಕೊಟ್ಟರು. ಇಬ್ಬರೂ ಬಹಳ ಹೊತ್ತು ನಗುತ್ತ ಕೈ ಹಿಡಿದುಕೊಂಡು ನಿಂತರು. ಆಮೇಲೆ ಎನೋರಾ ಇಂಗ್ಲಿಷಿನಲ್ಲಿ, "ಬಾತ್‌ರೂಮ್ ಮೇಲಿದೆ" ಎಂದಳು.

ಊಟಕ್ಕೆ ಹಂದಿಮಾಂಸ, ಎಲೆಕೋಸು, ಚೀಲದಲ್ಲಿ ಬೇಯಿಸಿದ ಕಪ್ಪುಗೋಧಿ ಕಡುಬು. ಮಿಸೆಸ್ ಪ್ರಾಬರ್ಟ್ ಎರಡು ಸಲ ಹಾಕಿಸಿಕೊಂಡರು. ಸೇಬಿನ ಮದ್ಯ ಸೈಡರ್ ಮಾತ್ರ ಬೇಡವೆಂದರು.

"ಹೊಟ್ಟೆ ಸರಿ ಇಲ್ವಂತಾ?" ಪೆರಿನ್ ಕೇಳಿದಳು.

"ಅವರು ಕುಡಿಯಲ್ಲ ಅಜ್ಜಿ. ಮೆಥಡಿಸ್ಟ್ ಪಂಥ. ಮೂರ್ತಿಗಳ ಮುಂದೆ ಮಂಡಿ ಊರೋದೂ ಇಲ್ಲ."

"ಹಾಗಾದ್ರೆ ಇವರು ಎಂಥ ಬಂಧುಗಳೇ? ಸಂತ ತೆವೆನ್ ಹುಟ್ಟಿದ ಊರಿನವರಲ್ವಾ? ಅಲ್ಲಿ ಅವನಿಗೆ ಏನು ಮಾಡ್ತಾರೆ ಕೇಳು."

ಎನೋರಾ ಕೇಳಿದಳು. ಉತ್ತರ ಬಂದ ಮೇಲೆ ಸ್ವಲ್ಪ ತಡೆದು ಹೇಳಿದಳು. "ಅವನ ಹೆಸರಿನ ಒಂದು ಬಸ್ ನಿಲ್ದಾಣ ಇದೆಯಂತೆ."

"ಅದಕ್ಕೇ ಎದ್ದು ಬಂದಿದ್ದಾನೆ, ಪಾಪ" ಎಂದಳು ಪೆರಿನ್. "ಇನ್ನೊಂದು ತುಂಡು ಮಾಂಸ ಹಾಕು ಆಕೆಗೆ. ತಪ್ಪು ಆಕೆದೇನಿದೆ."

ಮಿಸೆಸ್ ಪ್ರಾಬರ್ಟ್ ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ಏನೋ ಹೇಳಿದರು. ಎನೋರಾ ಕಣ್ಣು ಅರಳಿಸಿ ಅನುವಾದಿಸಿದಳು: ಮೂರ್ತಿಯ ವಿಷಯ ಏನೇ ಇರಲಿ, ಹಾಡು ಎಂದರೆ ತಮ್ಮ ಜನ ಜೀವ ಬಿಡುತ್ತಾರಂತೆ. ಒಂದು ಪದವನ್ನೂ ಬಿಡದೆ ಕೇಳುತ್ತಾರಂತೆ.

ಆರ್ಮೆಲ್‌ಳ ಕೈಯಿಂದ ಸೌಟು ಬಿತ್ತು.

ಭಾನುವಾರ ಬಿಸಿಲಿತ್ತು. ಆರ್ಟಿಚೋಕ್ ಹೊಲಗಳ ನಡುವಿನ ಸಂತನ ಪುಟ್ಟ ಗುಡಿಯಾದ ಚಾಪೆಲ್‌ನಿಂದ ಪತಾಕೆಗಳು ಹೊರಬಂದವು. ಬೆನಿನ್ ದೇಶದಿಂದ ಬಂದು ಈ ಸುತ್ತಿನ ಹತ್ತಾರು ಚರ್ಚುಗಳನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದ ಫಾದರ್ ಸೆಲೆಸ್ಟಿನ್ ಬೆವರು ಒರೆಸಿಕೊಂಡು, "ಅಜ್ಜಿ, ನೀವು ಶುರುಮಾಡಿ. ನಮ್ಮ ಊರಲ್ಲೂ ಅಜ್ಜಿ ಹಾಡಿದ್ರೇನೇ ದೇವರು ಏಳೋದು" ಎಂದರು. ಲೊಯಿಕ್ ಮತ್ತು ಇನ್ನು ಮೂವರು ಸಂತನ ಮೂರ್ತಿಯನ್ನು ಹೆಗಲಿಗೆ ಏರಿಸಿದರು.

ಆಗ ವೃದ್ಧಾಶ್ರಮದ ಬಿಳಿ ವ್ಯಾನು ಬಂದು ನಿಂತದ್ದನ್ನು ಆರ್ಮೆಲ್ ನೋಡಿದಳು. ಗಾಲಿಕುರ್ಚಿಗಳು ಒಂದೊಂದಾಗಿ ಇಳಿದವು. ಏಳೆಂಟು ಜನ, ಎಲ್ಲ ಪೆರಿನ್‌ಳ ವಾರಗೆಯವರು. ಹಾಲಿನ ಜೊತೆ ಬ್ರೆಟನ್ ಕುಡಿದವರು. ಅವರನ್ನು ಪತಾಕೆಗಳ ಹಿಂದೆ, ಹಾಡುವವರ ಪಕ್ಕಕ್ಕೇ ತಂದು ನಿಲ್ಲಿಸಿದರು.

ಮೊದಲ ನಾಲ್ಕು ಚರಣ ಚೆನ್ನಾಗಿ ನಡೆಯಿತು. ಅಜ್ಜಿಯ ಒಡಕು ಕಂಠ, ಮೊಮ್ಮಗಳ ಎಳೆ ಕಂಠ. ಜನ ಪಲ್ಲವಿ ಹೇಳಿದರು: ಕಾಯೋ ನಮ್ಮ ಹೊಲವ, ಕಾಯೋ ನಮ್ಮ ಮನೆಯ, ತಂದೆ ತೆವೆನ್.

ಐದನೆಯದು. ಕಡಾಯಿ.

ಗಾಲಿಕುರ್ಚಿಯಲ್ಲಿದ್ದ ಹಳೆಯ ಕಮ್ಮಾರ ತಲೆ ಎತ್ತಿದ. ಅವನ ಪಕ್ಕದ ಮುದುಕಿ ಅವನ ತೋಳು ಹಿಡಿದಳು. ಜೋಸೆಟ್‌ಗೆ ಹಾಡೆಲ್ಲ ತಿಳಿಯದಿದ್ದರೂ ಕಡಾಯಿ ಎಂಬ ಪದ ತಿಳಿಯಿತು; ಅವಳ ಮುಖ ಬೀಟ್‌ರೂಟ್ ಆಯಿತು. ಆರನೆಯದರಲ್ಲಿ ಹಂದಿ ಬಂದಾಗ ಕಮ್ಮಾರನ ಹೆಗಲು ಕುಲುಕತೊಡಗಿತು. ಏಳನೆಯದಕ್ಕೆ ಮುದುಕರ ಸಾಲು ಪೂರ್ತಿ ಕುಲುಕುತ್ತಿತ್ತು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಈಗ ಒಬ್ಬರು ಬಾಯಿಬಿಟ್ಟು ನಕ್ಕರೆ ಮುಗಿಯಿತು.

ಯಾರೂ ನಗಲಿಲ್ಲ. ಪ್ರತಿ ಚರಣ ಮುಗಿದಾಗಲೂ ಅವರು ಪಲ್ಲವಿಯನ್ನು ಇನ್ನೂ ಜೋರಾಗಿ ಎತ್ತಿಕೊಂಡರು. ತೋಟದ ಹಕ್ಕಿಗಳು ಹಾರಿಹೋಗುವಷ್ಟು ಜೋರಾಗಿ. ಎನೋರಾ ಅವರ ಕಣ್ಣೀರು ನೋಡಿ ತಾನೂ ಅತ್ತಳು, ಕಂಠ ಇನ್ನಷ್ಟು ತೆರೆದುಕೊಂಡಿತು. ಮಿಸೆಸ್ ಪ್ರಾಬರ್ಟ್ ಕರವಸ್ತ್ರ ತೆಗೆದು, ಧಾಟಿ ಹಿಡಿದು, ಪಲ್ಲವಿಗೆ ತಗ್ಗಿನ ಶ್ರುತಿಯಲ್ಲಿ ದನಿಗೂಡಿಸಿದರು. ಅವರ ಬಸ್ಸಿನವರೆಲ್ಲ ದನಿಗೂಡಿಸಿದರು. ಸಂತನ ಸುತ್ತ ನಾಲ್ಕು ಬೇರೆ ಬೇರೆ ಶ್ರುತಿಯ ದನಿಗಳು ಒಂದಾಗಿ ಎದ್ದು ನಿಂತವು. ಆ ಚಾಪೆಲ್‌ನ ಬಯಲಿನಲ್ಲಿ ಅಂಥ ಹಾಡು ಯಾರೂ ಕೇಳಿರಲಿಲ್ಲ.

ಕಲಿಸಿದ ಚರಣಗಳು ಮುಗಿದವು. ಎನೋರಾ ಉಸಿರು ಬಿಟ್ಟಳು. ಆಗ ಪೆರಿನ್ ಕೈ ಎತ್ತಿ ಅವಳನ್ನು ತಡೆದು, ಒಬ್ಬಳೇ, ತಗ್ಗಿದ ದನಿಯಲ್ಲಿ, ಬೇಗಬೇಗ, ಇನ್ನೊಂದು ಹಾಡಿದಳು. ಅವಳು ಸಂತನ ಕಡೆ ನೋಡುತ್ತಿದ್ದಳು.

ಮೀನಿನ ಊರಿಂದ ಬಂದಳೊಬ್ಬಳು,
ಕಿವಿ ತಂದಳು, ನಾಲಗೆ ತರಲಿಲ್ಲ, ತಂದೆ.
ನಾಯಿಗೆ ಹೇಳಿದೆ, ಅವಳಿಗೆ ಕೇಳಲೆಂದು.
ನನ್ನ ಮುದಿ ಗಂಡನ ಕೊನೆಯ ಚಳಿಗಾಲದಲ್ಲಿ
ಅವನ ಮೈ ತೊಳೆದು, ಕೂದಲು ಬಾಚಿ,
ಅವನ ಭಾಷೆಯಲ್ಲಿ ಅವನಿಗೆ ಲಾಲಿ ಹಾಡಿದಳು,
ಬಾಗಿಲಾಚೆ ನಾನಿದ್ದದ್ದು ಅವಳಿಗೆ ತಿಳಿಯದು.
ಕಾಯೋ ಅವಳ, ತಂದೆ ತೆವೆನ್.

ಗಾಲಿಕುರ್ಚಿಗಳ ಸಾಲು ಕುಲುಕುವುದನ್ನು ನಿಲ್ಲಿಸಿತು. ಕಮ್ಮಾರ ಮೆಲ್ಲಗೆ ಕತ್ತು ತಿರುಗಿಸಿ ಆರ್ಮೆಲ್‌ಳನ್ನು ನೋಡಿದ. ಉಳಿದವರೂ ನೋಡಿದರು. ಅವಳಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಅರ್ಥವಾಗದವಳ ಮುಖ ಮಾಡುವುದು ಅವಳಿಗೆ ವರ್ಷಗಳ ಅಭ್ಯಾಸ. ಈಗ ಆ ಮುಖ ಸಿಗಲಿಲ್ಲ. ಪುಣ್ಯಕ್ಕೆ ಪಲ್ಲವಿ ಬಂತು. ಪಲ್ಲವಿಯನ್ನು ಯಾರು ಬೇಕಾದರೂ ಹಾಡಬಹುದು. ಅವಳು ಕಣ್ಣು ಮುಚ್ಚಿಕೊಂಡು ಗಂಟಲು ಬಿಚ್ಚಿ ಹಾಡಿದಳು.

ಸಂಜೆ ಮನೆ ತುಂಬ ಪಾತ್ರೆ. ಲೊಯಿಕ್ ಹೆಗಲಿಗೆ ಮುಲಾಮು ಹಚ್ಚಿಕೊಂಡು ಮಲಗಿದ್ದ. ಮಿಸೆಸ್ ಪ್ರಾಬರ್ಟ್ ಅಂಗಳದಲ್ಲಿ ಫೋನು ಹಿಡಿದು ವೇಲ್ಸ್‌ನ ಯಾರಿಗೋ ಹಾಡಿ ತೋರಿಸುತ್ತಿದ್ದರು. ಅಡುಗೆಮನೆಯಲ್ಲಿ ಆರ್ಮೆಲ್ ತಟ್ಟೆ ತೊಳೆಯುತ್ತಿದ್ದಳು. ಪೆರಿನ್ ಕಿಟಕಿಯ ಪಕ್ಕ ಕೂತು ನಾಯಿಗೆ ಮೂಳೆ ಹಾಕುತ್ತ ಬ್ರೆಟನ್‌ನಲ್ಲಿ ಹೇಳಿದಳು.

"ಮೆದೋರ್, ನನ್ನ ಅತ್ತೆ ಹಾಡುವಾಗ ಆ ಹಾಡಲ್ಲಿ ನಾನೂ ಇದ್ದೆ. ಸೋಮಾರಿ ಸೊಸೆ ಅಂತ, ಅವಳೇ ಕಟ್ಟಿ ಸೇರಿಸಿದ್ದು. ಊರ ಮುಂದೆ. ಒಂದು ಸುಗ್ಗಿ ಪೂರ್ತಿ ಅವಳ ಹತ್ರ ಮಾತು ಬಿಟ್ಟಿದ್ದೆ."

ಆರ್ಮೆಲ್ ಒಂದೇ ತಟ್ಟೆಯನ್ನು ಬಹಳ ಹೊತ್ತು ಉಜ್ಜಿದಳು.

ಎನೋರಾ ಒಳಗೆ ಬಂದಳು. ಕೂದಲಲ್ಲಿ ಇನ್ನೂ ಹಬ್ಬದ ರಿಬ್ಬನ್ನು.

"ಅಜ್ಜಿ, ಕೊನೇದೊಂದು ಹಾಡಿದ್ಯಲ್ಲ, ನಂಗೆ ಕಲಿಸಿರ್ಲಿಲ್ಲ. ಅಷ್ಟು ಬೇಗ ಹೇಳಿದ್ರೆ ಹೇಗೆ? ನನ್ನ ರೆಕಾರ್ಡಿಂಗ್‌ನಲ್ಲಿ ಬರೀ ಗಾಳಿ. ಏನಿತ್ತು ಅದರಲ್ಲಿ?"

"ಮರೆತೆ."

"ಮರೆಯೋದಾ! ಅದೇ ಎಲ್ಲಕ್ಕಿಂತ ಹಳೇದು ಅನ್ನಿಸ್ತು ನಂಗೆ. ಕಡಲಿನ ಕಡೆಯಿಂದ ಬಂದ ಯಾರೋ ಹೆಂಗಸು, ಅಲ್ವಾ?"

"ವಯಸ್ಸಾಯ್ತು ಕಣೇ. ಏನೋ ಬಾಯಿಗೆ ಬಂತು, ಹೋಯ್ತು."

ಎನೋರಾ ನಿಟ್ಟುಸಿರುಬಿಟ್ಟು ತಾಯಿಯ ಕಡೆ ತಿರುಗಿದಳು. "ನೀನು ಪಕ್ಕದಲ್ಲೇ ಇದ್ದೆ ಅಮ್ಮಾ. ಒಂದು ಪದಾನಾದ್ರೂ ಕಿವಿಗೆ ಬಿತ್ತಾ? ಅರ್ಥ ಬೇಡ, ಸದ್ದು ಹೇಗಿತ್ತು ಅಷ್ಟು ಹೇಳು ಸಾಕು."

ಕಿಟಕಿಯ ಹತ್ತಿರ ಮೂಳೆಯ ಸದ್ದು ನಿಂತಿತು. ಪೆರಿನ್ ಹೊರಗೆ ನೋಡುತ್ತಿದ್ದಳು, ಆದರೆ ಕತ್ತು ಸ್ವಲ್ಪ ಈ ಕಡೆ ವಾಲಿತ್ತು.

ಹೇಳಿದರೆ ಮಗಳಿಗೆ ಒಂದು ಚರಣ ಸಿಗುತ್ತದೆ, ಆದರೆ ಕಡಾಯಿ, ಹಂದಿಯ ಗುಟ್ಟು ಬಯಲಾಗಿ ಉಳಿದದ್ದೆಲ್ಲ ಹೋಗುತ್ತದೆ. ಲೊಯಿಕ್‌ಗೆ ಹೇಳಿದರೆ ಅವನು ಊರಿಗೇ ಹೇಳುತ್ತಾನೆ. ಅತ್ತೆಗೆ ಹೇಳುವ ಅಗತ್ಯವೇ ಇಲ್ಲ. ಆರ್ಮೆಲ್ ಕೈ ಒರೆಸಿಕೊಂಡಳು. ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ತೀರ್ಮಾನಿಸಿದ್ದಳು.

"ನಂಗೇನು ಗೊತ್ತಾಗುತ್ತೆ ಪುಟ್ಟಾ" ಎಂದಳು. "ನಾನು ಬಂದರಿನವಳು."